ಮೂತ್ರಕೋಶದ ಗಡ್ಡೆ ಪೂರ್ತಿ ಒಂದೇ ಥರ ಇರುವುದಿಲ್ಲ: ಬಯಾಪ್ಸಿ ರಿಪೋರ್ಟ್ ಓದೋದು, ಬ್ಲಾಕ್ ಕಾಪಾಡೋದು, ಡಾಕ್ಟರನ್ನು ಏನು ಕೇಳೋದು

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಮೂತ್ರ ಕೆಂಪಗೆ ಹೋಯಿತು ಅಂದರೆ ಮೊದಲು ಬರುವ ಮಾತು "ಉಷ್ಣ ಆಗಿದೆ ಕಣೋ". ಎಳನೀರು, ಬಾರ್ಲಿ ನೀರು, ಬಾಳೆದಿಂಡಿನ ರಸ ಶುರು. ಎರಡು ದಿನಕ್ಕೆ ಬಣ್ಣ ತಿಳಿಯಾಗುತ್ತದೆ, ಎಲ್ಲರೂ ಮರೆತುಬಿಡುತ್ತಾರೆ. ತೊಂದರೆ ಏನಂದರೆ ಮೂತ್ರಕೋಶದ ಕ್ಯಾನ್ಸರಿನ ರಕ್ತವೂ ಹೀಗೇ ನೋವಿಲ್ಲದೆ ಬಂದು, ತಾನಾಗೇ ನಿಂತು, ತಿಂಗಳು ಬಿಟ್ಟು ಮತ್ತೆ ಬರುತ್ತದೆ. ಬೀಡಿ, ಸಿಗರೇಟು ಸೇದುವವರು, ಹಿಂದೆ ಸೇದಿ ಬಿಟ್ಟವರು, ಬಣ್ಣದ ಅಥವಾ ರಬ್ಬರಿನ ಕಾರ್ಖಾನೆಯಲ್ಲಿ ದುಡಿದವರು ಒಂದೇ ಸಲ ಕಂಡರೂ ಯೂರಾಲಜಿ ಡಾಕ್ಟರ ಹತ್ತಿರ ಹೋಗಿ. ಬರೀ ಹೊಟ್ಟೆ ಸ್ಕ್ಯಾನಿಂಗ್ ನೋಡಿ "ಏನೂ ಇಲ್ಲ" ಅಂದರೆ ಅಷ್ಟಕ್ಕೇ ಸಮಾಧಾನ ಬೇಡ. ಸಣ್ಣ ಗಡ್ಡೆ, ಚಪ್ಪಟೆಯಾಗಿ ಹರಡಿದ ಗಡ್ಡೆ ಸ್ಕ್ಯಾನಿಂಗಿನಲ್ಲಿ ತಪ್ಪಿಹೋಗಬಹುದು. ಮೂತ್ರದ ದಾರಿಯಿಂದ ದುರ್ಬೀನು (ಸಿಸ್ಟೋಸ್ಕೋಪ್) ಹಾಕಿ ಒಳಗೆ ನೋಡಲೇಬೇಕು.

ಈ ಬರಹ ಅದರ ಮುಂದಿನ ಹಂತದವರಿಗೆ. ಅಂದರೆ "ಗಡ್ಡೆ ಇದೆ, ಕೆರೆದು ತೆಗೆದು ಪರೀಕ್ಷೆಗೆ ಕಳಿಸಬೇಕು" ಅಂತ ಹೇಳಿಸಿಕೊಂಡು ಬಂದು ಕೂತವರಿಗೆ, ಅವರ ಫೈಲು ಹಿಡಿದು ಓಡಾಡುವ ಮಗ, ಮಗಳು, ಅಳಿಯನಿಗೆ. ನಾನು ಡಾಕ್ಟರ್ ಅಲ್ಲ. ಬೇಲೂರಿನ ನಮ್ಮ ದೊಡ್ಡಪ್ಪನ ಫೈಲು ಹಿಡಿದು ಹಾಸನ, ಬೆಂಗಳೂರು ಅಂತ ಓಡಾಡಿ, ಡಾಕ್ಟರನ್ನು ಕೇಳಿ, ಓದಿ ತಿಳಿದದ್ದನ್ನು ಬರೆಯುತ್ತಿದ್ದೇನೆ. ಔಷಧಿ ಯಾವುದು ಅಂತ ನಿರ್ಧಾರ ಮಾಡುವುದು ನಿಮ್ಮ ಡಾಕ್ಟರೇ. ಆದರೆ ಆ ನಿರ್ಧಾರ ನಿಂತಿರುವುದು ಒಂದು ಸಣ್ಣ ಮಾಂಸದ ತುಂಡಿನ ಮೇಲೆ, ಆ ತುಂಡು ಇಡೀ ಗಡ್ಡೆಯ ಕಥೆ ಹೇಳುತ್ತದೋ ಇಲ್ಲವೋ ಅಂತ ವಿಚಾರಿಸುವುದು ನಮ್ಮ ಕೈಲೂ ಇದೆ.

ಗಡ್ಡೆ ಒಳಗೆ ಏನಿರುತ್ತದೆ

ಕ್ಯಾನ್ಸರ್ ಗಡ್ಡೆ ಅಂದರೆ ಒಂದೇ ಥರದ ಕೆಟ್ಟ ಜೀವಕೋಶ ಲಕ್ಷಾಂತರ ಸೇರಿ ಆದ ಉಂಡೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಶುರುವಾಗುವುದು ಸಾಮಾನ್ಯವಾಗಿ ಒಂದೇ ಜೀವಕೋಶದಿಂದ, ಆದರೆ ಅದು ಒಡೆದು ಒಡೆದು ಬೆಳೆಯುವಾಗ ಪ್ರತಿ ಕವಲಿನಲ್ಲೂ ಬೇರೆ ಬೇರೆ ಜೀನ್ ಬದಲಾವಣೆ ಸೇರುತ್ತಾ ಹೋಗುತ್ತದೆ. ಕೊನೆಗೆ ಒಂದೇ ಗಡ್ಡೆಯ ಈ ಮೂಲೆಯ ಜೀವಕೋಶಕ್ಕೂ ಆ ಮೂಲೆಯದಕ್ಕೂ ಸ್ವಭಾವ ಬೇರೆ. ಒಂದು ಕಡೆಯದು ಸಾವಕಾಶ ಬೆಳೆಯುತ್ತದೆ, ಇನ್ನೊಂದು ಕಡೆಯದು ಸ್ನಾಯುವಿನೊಳಗೆ ನುಗ್ಗುತ್ತದೆ. ಒಂದಕ್ಕೆ ಕೀಮೋ ತಾಗುತ್ತದೆ, ಇನ್ನೊಂದಕ್ಕೆ ತಾಗುವುದಿಲ್ಲ.

ಮೂತ್ರಕೋಶದಲ್ಲಿ ಇದು ಜಾಸ್ತಿ, ಅದಕ್ಕೆ ಕಾರಣಗಳಿವೆ. ಸೇದಿದ ಹೊಗೆಯಲ್ಲಿರುವ ವಿಷ ರಕ್ತಕ್ಕೆ ಹೋಗಿ, ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಬಿಟ್ಟು, ಆ ಮೂತ್ರ ಗಂಟೆಗಟ್ಟಲೆ ಕೋಶದ ಒಳಪದರಕ್ಕೆ ತಾಗಿಕೊಂಡೇ ನಿಂತಿರುತ್ತದೆ. ಹಾಗಾಗಿ ಕೆಡುವುದು ಒಂದು ಚುಕ್ಕೆ ಜಾಗ ಅಲ್ಲ, ಇಡೀ ಒಳಪದರ. ಈ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟಕ್ಕೆ ಹೊಗೆ ಸೇದುವುದೇ ಕಾರಣ ಅನ್ನುವ ಲೆಕ್ಕ ಇದೆ. (ನಮ್ಮ ಅರಕಲಗೂಡು ಕಡೆ ಹೊಗೆಸೊಪ್ಪು ಬೆಳೆದು ರಾಮನಾಥಪುರದ ಹರಾಜಿಗೆ ಹಾಕುವವರಿಗೆ ಈ ಮಾತು ಹಿಡಿಸಲ್ಲ, ಗೊತ್ತು.) ಇದರ ಜೊತೆಗೆ, ವೈರಸ್ ವಿರುದ್ಧ ಹೋರಾಡಲು ನಮ್ಮ ದೇಹದಲ್ಲೇ ಇರುವ ಅಪೋಬೆಕ್ ಅನ್ನುವ ಕಿಣ್ವಗಳು ದಾರಿ ತಪ್ಪಿ ಜೀವಕೋಶದ ಸ್ವಂತ ಡಿಎನ್‌ಎಯನ್ನೇ ತಿದ್ದಲು ಶುರು ಮಾಡುತ್ತವೆ. ಮೂತ್ರಕೋಶದ ಗಡ್ಡೆಗಳಲ್ಲಿ ಸಿಗುವ ಜೀನ್ ಬದಲಾವಣೆಗಳಲ್ಲಿ ದೊಡ್ಡ ಪಾಲು ಇವುಗಳದ್ದೇ.

ತೋಟದವರಿಗೆ ಇದು ಬೇಗ ಅರ್ಥ ಆಗುತ್ತದೆ. ಮಣ್ಣು ಪರೀಕ್ಷೆಗೆ ಕೊಡುವಾಗ ಬರೀ ಗೇಟಿನ ಪಕ್ಕದ ಒಂದು ಬೊಗಸೆ ಮಣ್ಣು ತಂದು ಕೊಟ್ಟರೆ ಯಾರೂ ಒಪ್ಪುವುದಿಲ್ಲ, ಅಲ್ವಾ? ಇಳಿಜಾರಿನದು, ತಗ್ಗಿನದು, ಎಲ್ಲ ಕಡೆಯದೂ ಬೇಕು. ಇಲ್ಲೂ ಹಾಗೇ. ಒಂದೇ ವ್ಯತ್ಯಾಸ ಏನಂದರೆ ಮಣ್ಣನ್ನು ಎಲ್ಲ ಸೇರಿಸಿ ಕಲಸಿ ಕೊಡುತ್ತೇವೆ, ಗಡ್ಡೆಯ ತುಂಡುಗಳನ್ನು ಕಲಸಬಾರದು. ಯಾವ ತುಂಡು ಯಾವ ಜಾಗದ್ದು ಅಂತ ಗೊತ್ತಿದ್ದರೇ ಉಪಯೋಗ.

ಆಪರೇಷನ್‌ಗೆ ಮುಂಚೆ ಕೇಳಬೇಕಾದ್ದು

ಮೊದಲ ಆಪರೇಷನ್ ಹೆಸರು ಟಿಯುಆರ್‌ಬಿಟಿ. ಹೊಟ್ಟೆ ಕೊಯ್ಯುವುದಿಲ್ಲ, ಮೂತ್ರದ ದಾರಿಯಿಂದಲೇ ದುರ್ಬೀನು ಒಳಗೆ ಹಾಕಿ ಗಡ್ಡೆಯನ್ನು ಚೂರು ಚೂರಾಗಿ ಕೆರೆದು ತೆಗೆಯುತ್ತಾರೆ. ಹೆಚ್ಚಿನವರು ಇದನ್ನು ಬರೀ ಚಿಕಿತ್ಸೆ ಅಂದುಕೊಳ್ಳುತ್ತಾರೆ. ಇದು ಬಯಾಪ್ಸಿ ಕೂಡ ಹೌದು, ಮುಂದಿನ ಎಲ್ಲದಕ್ಕೂ ಇದೇ ಬುನಾದಿ.

ಆದ್ದರಿಂದ ಆಪರೇಷನ್ನಿನ ಹಿಂದಿನ ದಿನ, ಡಾಕ್ಟರು ರೌಂಡ್ಸಿಗೆ ಬಂದಾಗ ಎರಡು ಮಾತು ಕೇಳಿ. ಒಂದು: "ಸರ್, ಗಡ್ಡೆಯ ಬುಡದ ತುಂಡು ಬೇರೆ ಬಾಟಲಿಗೆ ಹಾಕಿ ಕಳಿಸುತ್ತೀರಾ?" ಬುಡ ಅಂದರೆ ಗಡ್ಡೆ ಕೋಶದ ಗೋಡೆಗೆ ಅಂಟಿದ ಜಾಗ, ಸ್ನಾಯು ಸಿಗುವುದು ಅಲ್ಲಿ. ಮೇಲಿನ ಚೂರುಗಳೂ ಬುಡದ ಚೂರುಗಳೂ ಒಂದೇ ಬಾಟಲಿಗೆ ಬಿದ್ದರೆ ಪೆಥಾಲಜಿಯವರಿಗೆ (ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಡಾಕ್ಟರಿಗೆ) ಯಾವುದು ಎಲ್ಲಿಯದು ಅಂತ ಹೇಳಲು ಕಷ್ಟ. ಎರಡು: ಒಂದಕ್ಕಿಂತ ಹೆಚ್ಚು ಗಡ್ಡೆ ಇದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಬಾಟಲಿ, ಮೇಲೆ ಜಾಗದ ಹೆಸರು. ಬಲಗೋಡೆ, ಎಡಗೋಡೆ, ಕೋಶದ ಕುತ್ತಿಗೆ ಹೀಗೆ. ಒಳ್ಳೆ ಸರ್ಜನ್ನುಗಳು ನೀವು ಕೇಳದಿದ್ದರೂ ಇದನ್ನು ಮಾಡುತ್ತಾರೆ. ಕೇಳಿದರೆ ಬೇಜಾರು ಮಾಡಿಕೊಳ್ಳುವವರು ಕಡಿಮೆ, ಹಾಗೆ ಮಾಡಿಕೊಂಡರೂ ಪರವಾಗಿಲ್ಲ, ಕೇಳಿ.

ಬಾಟಲಿ ನಿಮ್ಮ ಕೈಗೆ ಬಂದರೆ

ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಆಗುವುದು ಹೀಗೆ. ಥಿಯೇಟರಿನ ಬಾಗಿಲು ಅರ್ಧ ತೆಗೆದು ಸಿಸ್ಟರು ಒಂದು ಪ್ಲಾಸ್ಟಿಕ್ ಡಬ್ಬಿ ಕೈಗೆ ಕೊಡುತ್ತಾರೆ, "ಲ್ಯಾಬಿಗೆ ಕೊಟ್ಟು ಬನ್ನಿ" ಅಂತ. ಒಳಗೆ ನೀರಿನ ಥರದ ದ್ರವ, ತಳದಲ್ಲಿ ಬಿಳಿ-ಕಂದು ಚೂರುಗಳು, ಮೇಲೆ ಅಂಟಿಸಿದ ಬಿಳಿ ಪ್ಲಾಸ್ಟರಿನ ಮೇಲೆ ಬಾಲ್ ಪೆನ್ನಿನಲ್ಲಿ ಬರೆದ ಹೆಸರು.

ಆ ದ್ರವ ಫಾರ್ಮಲಿನ್ ಆಗಿರಬೇಕು. ಮೂಗಿಗೆ ಖಾರ ಹೊಡೆಯುತ್ತದೆ, ತಕ್ಷಣ ಗೊತ್ತಾಗುತ್ತದೆ (ಮೂಸಲು ಹೋಗಬೇಡಿ, ಕೇಳಿ ಸಾಕು). ಬರೀ ಸಲೈನ್‌ನಲ್ಲಿ ಹಾಕಿದ್ದರೆ ಆ ತುಂಡು ಕೆಡಲು ಶುರುವಾಗುತ್ತದೆ. ಚೂರುಗಳು ಪೂರ್ತಿ ಮುಳುಗಿರಬೇಕು, ತುಂಡಿನ ಹತ್ತು ಪಟ್ಟು ದ್ರವ ಇರಬೇಕು ಅನ್ನುವುದು ಲ್ಯಾಬಿನವರ ಲೆಕ್ಕ. ಹೆಸರು ಮುಚ್ಚಳದ ಮೇಲೆ ಅಲ್ಲ, ಡಬ್ಬಿಯ ಮೈಮೇಲೆ ಇರಲಿ. ಮುಚ್ಚಳ ಅದಲು ಬದಲಾದರೆ ಕಥೆ ಮುಗಿಯಿತು. ಹೆಸರು, ವಯಸ್ಸು, ಆಸ್ಪತ್ರೆ ನಂಬರು, ಜಾಗ, ತಾರೀಖು ಇವಿಷ್ಟೂ ಇದೆಯಾ ನೋಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಫ್ರಿಜ್ಜಿನಲ್ಲಿ, ಅದರಲ್ಲೂ ಫ್ರೀಜರಿನಲ್ಲಿ ಇಡಬೇಡಿ. "ನಾಳೆ ಹಾಸನಕ್ಕೆ ಹೋಗೋದಿದೆ, ಆಗ ಕೊಟ್ಟರಾಯಿತು" ಅಂತ ಇಟ್ಟುಕೊಳ್ಳಬೇಡಿ. ಫಾರ್ಮಲಿನ್‌ನಲ್ಲಿ ತೀರಾ ಕಡಿಮೆ ಹೊತ್ತು ಇದ್ದರೂ, ದಿನಗಟ್ಟಲೆ ಬಿದ್ದಿದ್ದರೂ ಮುಂದೆ ಮಾಡುವ ಜೀನ್ ಪರೀಕ್ಷೆಗಳು ಕೈಕೊಡುತ್ತವೆ.

ರಿಪೋರ್ಟ್ ಓದುವುದು

ರಿಪೋರ್ಟ್ ಬಂದ ತಕ್ಷಣ ಎಲ್ಲರ ಕಣ್ಣು ಹೋಗುವುದು ಕೊನೆಯ ಸಾಲಿಗೆ, ಕ್ಯಾನ್ಸರ್ ಹೌದೋ ಅಲ್ಲವೋ ಅಂತ. ಅದು ಸಹಜ. ಆದರೆ ನಿಜವಾದ ಸರಕು ಇರುವುದು ಮಧ್ಯದ ಸಾಲುಗಳಲ್ಲಿ.

ಮೊದಲು ನೋಡಬೇಕಾದ್ದು ಸ್ನಾಯುವಿನ ಮಾತು. ಡೆಟ್ರೂಸರ್ ಮಸಲ್, ಅಥವಾ ಮಸ್ಕ್ಯುಲಾರಿಸ್ ಪ್ರೊಪ್ರಿಯಾ ಅಂತ ಬರೆದಿರುತ್ತಾರೆ, ಎರಡೂ ಒಂದೇ. ಇಲ್ಲಿ ಮೂರು ಥರ ಇರಬಹುದು: ಸ್ನಾಯು ಇದೆ, ಅದರೊಳಗೆ ಕ್ಯಾನ್ಸರ್ ಇಲ್ಲ; ಸ್ನಾಯು ಇದೆ, ಒಳಗೆ ಕ್ಯಾನ್ಸರೂ ಇದೆ; ಕಳಿಸಿದ ತುಂಡಿನಲ್ಲಿ ಸ್ನಾಯುವೇ ಇಲ್ಲ. ಈ ಮೂರನೆಯದರ ಬಗ್ಗೆ ಹುಷಾರು. ಅದನ್ನು "ಸ್ನಾಯುವಿಗೆ ಹೋಗಿಲ್ಲ" ಅಂತ ಓದಬಾರದು. ಅಲ್ಲಿ ನೋಡೇ ಇಲ್ಲ ಅಂತ ಅದರ ಅರ್ಥ. ನಮ್ಮ ದೊಡ್ಡಪ್ಪನ ಮೊದಲ ರಿಪೋರ್ಟಿನಲ್ಲಿ ಇದೇ ಸಾಲು ಇತ್ತು, ಆಪರೇಷನ್ ಮಾಡಿದ ನರ್ಸಿಂಗ್ ಹೋಮಿನವರು "ಮೇಲ್ಮೇಲೆ ಇದೆ, ಏನೂ ತೊಂದರೆ ಇಲ್ಲ" ಅಂತ ಕಳಿಸಿಬಿಟ್ಟಿದ್ದರು. ಎರಡನೇ ಕಡೆ ತೋರಿಸಿದಾಗ ಆ ಡಾಕ್ಟರು ರಿಪೋರ್ಟಿನ ಆ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು, "ಯಜಮಾನ್ರೇ, ಇದನ್ನ ಇನ್ನೊಂದ್ಸಲ ಕೆರೀಬೇಕಾಗುತ್ತೆ" ಅಂದರು.

ಇನ್ನೊಂದು ಸಲ ಕೆರೆಯುವುದು ಡಾಕ್ಟರ ಹಣದಾಸೆ ಅಂತ ನಮ್ಮವರಲ್ಲಿ ಒಂದು ಗುಮಾನಿ ಇದೆ. ಇಲ್ಲಿ ಅದು ತಪ್ಪು. ಸ್ನಾಯು ಸಿಗದಿದ್ದರೆ, ಅಥವಾ ಗಡ್ಡೆ ಟಿ1 ಹಂತದ್ದಾಗಿದ್ದರೆ (ಅಂದರೆ ಒಳಪದರದ ಕೆಳಗೆ ಇಳಿದು ಸ್ನಾಯು ಮುಟ್ಟದಿದ್ದರೆ) 2ರಿಂದ 6 ವಾರದೊಳಗೆ ಮತ್ತೊಮ್ಮೆ ಟಿಯುಆರ್‌ಬಿಟಿ ಮಾಡುವುದು ಎಲ್ಲ ಕಡೆ ಒಪ್ಪಿದ ಕ್ರಮ. ಟಿ1 ಗಡ್ಡೆಗಳಲ್ಲಿ ಮೂರರಲ್ಲಿ ಒಂದರಿಂದ ಅರ್ಧದಷ್ಟರಲ್ಲಿ, ಪೂರ್ತಿ ತೆಗೆದೆವು ಅಂದುಕೊಂಡ ಮೇಲೂ ಎರಡನೇ ಸಲ ಗಡ್ಡೆ ಸಿಗುತ್ತದೆ.

ಹಂತದ ಅಕ್ಷರಗಳು ಸುಲಭ. ಟಿಎ ಅಂದರೆ ಒಳಪದರದಲ್ಲೇ ಇದೆ. ಟಿ1 ಅಂದರೆ ಅದರ ಕೆಳಗಿನ ಪದರಕ್ಕೆ ಇಳಿದಿದೆ, ಸ್ನಾಯು ಮುಟ್ಟಿಲ್ಲ. ಟಿ2 ಅಂದರೆ ಸ್ನಾಯುವಿಗೆ ಹೋಗಿದೆ. ಸಿಐಎಸ್ ಅಂದರೆ ಚಪ್ಪಟೆಯಾಗಿ ಹರಡಿದ್ದು, ಹೆಸರು ಮೆತ್ತಗಿದ್ದರೂ ಸ್ವಭಾವ ಜೋರು. ಗೊತ್ತಾಗುವಾಗ ನಾಲ್ಕರಲ್ಲಿ ಸುಮಾರು ಮೂರು ಜನಕ್ಕೆ ಇನ್ನೂ ಸ್ನಾಯು ಮುಟ್ಟಿರುವುದಿಲ್ಲ. ಇದರ ಜೊತೆ ಗ್ರೇಡ್ ಇರುತ್ತದೆ, ಅಂದರೆ ಜೀವಕೋಶ ಎಷ್ಟು ಕೆಟ್ಟಿದೆ ಅನ್ನುವ ಅಳತೆ, ಲೋ ಅಥವಾ ಹೈ. ಒಂದೇ ಗಡ್ಡೆಯಲ್ಲಿ ಎರಡೂ ಇರಬಹುದು, ಆಗ ಕೆಟ್ಟದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ, ಹಿಡಿಯಲೇಬೇಕು.

ಈಗ ಮುಖ್ಯವಾದ ಜಾಗ. ಮೂತ್ರಕೋಶದ ಕ್ಯಾನ್ಸರಿನಲ್ಲಿ ಸುಮಾರು 90% ಯೂರೋಥೀಲಿಯಲ್ ಜಾತಿಯವು, ಅಂದರೆ ಕೋಶದ ಒಳಪದರದಿಂದ ಹುಟ್ಟಿದವು. ಆದರೆ ಅದೇ ಗಡ್ಡೆಯ ಒಂದು ಭಾಗ ಬೇರೆ ರೂಪ ತಾಳಿರಬಹುದು. ರಿಪೋರ್ಟಿನಲ್ಲಿ "ವಿತ್ ಸ್ಕ್ವೇಮಸ್ ಡಿಫರೆನ್ಸಿಯೇಷನ್", "ಮೈಕ್ರೋಪ್ಯಾಪಿಲರಿ", "ಪ್ಲಾಸ್ಮಸೈಟಾಯ್ಡ್", "ಸಾರ್ಕೊಮಟಾಯ್ಡ್", "ನೆಸ್ಟೆಡ್", "ಸ್ಮಾಲ್ ಸೆಲ್" ಇಂಥ ಪದ ಕಂಡರೆ ಅದನ್ನು ಬಾಲಂಗೋಚಿ ಅಂತ ಬಿಡಬೇಡಿ. ಚಿಕಿತ್ಸೆ ಬದಲಾಗುವುದು ಇಲ್ಲೇ.

ಸ್ಮಾಲ್ ಸೆಲ್ ಭಾಗ ಸ್ವಲ್ಪವೇ ಇದ್ದರೂ ಇಡೀ ರೋಗವನ್ನು ಆ ದೃಷ್ಟಿಯಿಂದ ನೋಡುತ್ತಾರೆ. ಆಪರೇಷನ್ನಿಗೆ ಮುಂಚೆ ಕೀಮೋ, ಅದೂ ಎಟೊಪೊಸೈಡ್ ಮತ್ತು ಸಿಸ್ಪ್ಲಾಟಿನ್ ಜೋಡಿ. ಮೈಕ್ರೋಪ್ಯಾಪಿಲರಿ ಇದ್ದರೆ ಟಿ1 ಹಂತದಲ್ಲೇ ಬರೀ ಬಿಸಿಜಿ (ಕೋಶದೊಳಗೆ ಹಾಕುವ ಔಷಧಿ) ನಂಬಿಕೊಂಡು ಕೂರದೆ ಕೋಶವನ್ನೇ ಬೇಗ ತೆಗೆಯುವ ಮಾತು ಬರುತ್ತದೆ. ಈ ರೂಪದಲ್ಲಿ ಹರ್2 ಅನ್ನುವ ಪ್ರೋಟೀನು ಜಾಸ್ತಿ ಇರುವ ಸಾಧ್ಯತೆಯೂ ಹೆಚ್ಚು, ಅದರ ಉಪಯೋಗ ಮುಂದೆ ಹೇಳುತ್ತೇನೆ. ಪ್ಲಾಸ್ಮಸೈಟಾಯ್ಡ್ ಬಹಳ ಕಳ್ಳ. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಪ್ರೋಟೀನು ಅದರಲ್ಲಿ ಕಳೆದುಹೋಗಿರುತ್ತದೆ, ಒಂಟೊಂಟಿಯಾಗಿ ಹೊಟ್ಟೆಯ ಪೊರೆಯ ಮೇಲೆ ಹರಡುತ್ತದೆ, ಸ್ಕ್ಯಾನಿನಲ್ಲಿ ಗಂಟು ಕಾಣದೆ ಇರಬಹುದು. ನೆಸ್ಟೆಡ್ ರೂಪ ಮೈಕ್ರೋಸ್ಕೋಪಿನಲ್ಲಿ ಸಾಧುವಿನ ಥರ ಕಾಣುತ್ತದೆ, ಸಣ್ಣ ತುಂಡಿನಲ್ಲಿ ಏನೂ ಇಲ್ಲ ಅಂತ ತಪ್ಪಿಹೋಗಬಹುದು, ನಡವಳಿಕೆ ಮಾತ್ರ ಹೈ ಗ್ರೇಡಿನದೇ.

ಅದಕ್ಕೇ ಪೆಥಾಲಜಿಯವರು ಬೇರೆ ರೂಪ ಇದೆ ಅಂತ ಬರೆದಿದ್ದರೆ ಅದು ಎಷ್ಟು ಶೇಕಡ ಅಂತ ಬರೆದಿದ್ದಾರಾ ನೋಡಿ. ಬರೆದಿರದಿದ್ದರೆ ನಿಮ್ಮ ಡಾಕ್ಟರ ಮೂಲಕ ಬರೆಸಿ. ಒಂದೇ ಸಾಲಿನಲ್ಲಿ "ಹೈ ಗ್ರೇಡ್ ಯೂರೋಥೀಲಿಯಲ್ ಕಾರ್ಸಿನೋಮ" ಅಂತ ಮಾತ್ರ ಇದ್ದು, ಸ್ನಾಯುವಿನ ಮಾತೂ ಇಲ್ಲ, ಬೇರೆ ರೂಪದ ಮಾತೂ ಇಲ್ಲ ಅಂದರೆ ಸ್ಲೈಡುಗಳನ್ನು ಇನ್ನೊಬ್ಬರಿಗೆ, ಕ್ಯಾನ್ಸರನ್ನೇ ದಿನಾ ನೋಡುವ ಪೆಥಾಲಜಿಸ್ಟಿಗೆ, ತೋರಿಸುವುದು ಒಳ್ಳೆಯದು. ನನ್ನ ಮಟ್ಟಿಗೆ ಸ್ಲೈಡ್ ಎರಡನೇ ಸಲ ನೋಡಿಸುವುದಕ್ಕೆ ಹಾಕಿದ ದುಡ್ಡಿನಷ್ಟು ಸಾರ್ಥಕ ದುಡ್ಡು ಈ ರೋಗದಲ್ಲಿ ಇನ್ನೊಂದಿಲ್ಲ.

ಬ್ಲಾಕ್ ಅಂದರೆ ಆಸ್ತಿ

ಕಳಿಸಿದ ತುಂಡನ್ನು ಲ್ಯಾಬಿನಲ್ಲಿ ಮೇಣದೊಳಗೆ ಕೂರಿಸಿ ಗಟ್ಟಿ ಮಾಡುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಸಣ್ಣ ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ಬಿಳಿ ಮೇಣ, ಮೇಣದೊಳಗೆ ಕಂದು ಚುಕ್ಕೆಗಳ ಥರ ಕಾಣುವ ಗಡ್ಡೆಯ ಚೂರು, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ನಂಬರು. ಇದೇ ಬ್ಲಾಕ್. ಇದರಿಂದ ಕೂದಲಿಗಿಂತ ತೆಳ್ಳಗೆ ಪದರ ಕುಯ್ದು ಗಾಜಿನ ಮೇಲೆ ಅಂಟಿಸಿದರೆ ಸ್ಲೈಡು.

ರಿಪೋರ್ಟು ಕಳೆದರೆ ಇನ್ನೊಂದು ಪ್ರಿಂಟ್ ಸಿಗುತ್ತದೆ. ಬ್ಲಾಕ್ ಕಳೆದರೆ ಮುಗಿಯಿತು, ಮತ್ತೆ ಆಪರೇಷನ್ನೇ ಗತಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಮಂಗಳೂರು, ಮಣಿಪಾಲದ ಕಡೆಗೋ ಹೋಗುವವರು ಬರೀ ರಿಪೋರ್ಟು, ಸಿಟಿ ಸ್ಕ್ಯಾನಿನ ಫಿಲ್ಮು ಹಿಡಿದು ಬಸ್ಸು ಹತ್ತುತ್ತಾರೆ, ಅಲ್ಲಿ ಕೌಂಟರಿನಲ್ಲಿ "ಸ್ಲೈಡು, ಬ್ಲಾಕ್ ತಂದಿದ್ದೀರಾ" ಅಂದಾಗ ಮುಖ ಮುಖ ನೋಡುತ್ತಾರೆ. ಹೊರಡುವ ಮುಂಚೆ ಮೊದಲ ಲ್ಯಾಬಿಗೆ ಹೋಗಿ ಒಂದು ಅರ್ಜಿ ಬರೆದು, ರೋಗಿಯ ಸಹಿ ಹಾಕಿಸಿ, ಗುರುತಿನ ಚೀಟಿಯ ಜೆರಾಕ್ಸ್ ಕೊಟ್ಟು ಸ್ಲೈಡು, ಬ್ಲಾಕ್ ಪಡೆಯಿರಿ. ಎಷ್ಟು ಬ್ಲಾಕ್, ಯಾವ ನಂಬರು ಅಂತ ಅವರ ರಿಜಿಸ್ಟರಿನಲ್ಲೂ ನಿಮ್ಮ ಫೈಲಿನಲ್ಲೂ ಬರೆಯಿರಿ. ಹಲವು ಬ್ಲಾಕ್ ಇದ್ದರೆ "ಗಡ್ಡೆ ಜಾಸ್ತಿ ಇರುವುದು ಯಾವುದು, ಬೇರೆ ರೂಪ ಕಂಡದ್ದು ಯಾವುದರಲ್ಲಿ" ಅಂತ ಅಲ್ಲೇ ಕೇಳಿ ನಂಬರಿನ ಪಕ್ಕ ಗುರುತು ಮಾಡಿಕೊಳ್ಳಿ. ಈ ಒಂದು ಗುರುತು ಮುಂದೆ ಎಷ್ಟು ಕೆಲಸಕ್ಕೆ ಬರುತ್ತದೆ ಅಂದರೆ, ಜೀನ್ ಪರೀಕ್ಷೆಯ ಲ್ಯಾಬಿನವರು ಮೊದಲು ಕೇಳುವುದೇ ಅದನ್ನು.

ಮೇಣ 60 ಡಿಗ್ರಿ ಹತ್ತಿರ ಕರಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ. ಸ್ಲೈಡುಗಳನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೊಡುತ್ತಾರೆ, ರಬ್ಬರ್ ಬ್ಯಾಂಡ್ ಹಾಕಿ ಕೈಚೀಲದಲ್ಲಿ ಇಟ್ಟುಕೊಳ್ಳಿ, ಸೀಟಿನ ಕೆಳಗೆ ತುರುಕಬೇಡಿ. ಕೆಲಸ ಮುಗಿದ ಮೇಲೆ ಬ್ಲಾಕ್ ವಾಪಸ್ ಕೇಳಿ ಪಡೆಯಿರಿ. ಬ್ಲಾಕ್ ವರ್ಷಗಟ್ಟಲೆ ಇರುತ್ತದೆ, ಆದರೆ ಹಳೆಯದಾದಷ್ಟೂ ಒಳಗಿನ ಡಿಎನ್‌ಎ ಸವೆಯುತ್ತದೆ. ಕುಯ್ದಿಟ್ಟ ಸ್ಲೈಡು ಇನ್ನೂ ಬೇಗ ಹಳತಾಗುತ್ತದೆ, ಹೊಸ ಪರೀಕ್ಷೆಗೆ ಹೊಸದಾಗಿ ಕುಯ್ಯಿಸುವುದೇ ಸರಿ.

ಜೀನ್ ಪರೀಕ್ಷೆ: ಯಾವುದು ಬೇಕು, ಯಾವುದು ಸುಮ್ನೆ

ಎಲ್ಲರಿಗೂ ಬೇಡ. ಲೋ ಗ್ರೇಡ್ ಟಿಎ ಗಡ್ಡೆ ತೆಗೆಸಿಕೊಂಡು ಆರಾಮಾಗಿ ಇರುವವರು ಹತ್ತಾರು ಸಾವಿರ ಸುರಿದು ಜೀನ್ ಪರೀಕ್ಷೆ ಮಾಡಿಸುವುದರಿಂದ ಇವತ್ತಿಗೆ ಔಷಧಿಯಲ್ಲಿ ಏನೂ ಬದಲಾಗುವುದಿಲ್ಲ. ಅವರಿಗೆ ಬೇಕಾದ್ದು ತಪ್ಪದೆ ದುರ್ಬೀನು ಪರೀಕ್ಷೆ, ಅಷ್ಟೇ. ಹೈ ಗ್ರೇಡ್ ಇದ್ದು ಸ್ನಾಯು ಮುಟ್ಟದಿದ್ದರೆ ಕೋಶದೊಳಗೆ ಬಿಸಿಜಿ ಹಾಕುವುದು, ವಾರಕ್ಕೊಂದರಂತೆ 6 ವಾರ, ಆಮೇಲೆ ಮುಂದುವರಿಸುವ ಡೋಸುಗಳು. 1976ರಿಂದ ನಡೆದು ಬಂದ ಚಿಕಿತ್ಸೆ ಇದು, ಇದಕ್ಕೂ ಜೀನ್ ಪರೀಕ್ಷೆ ಬೇಡ.

ಬೇಕಾಗುವುದು ರೋಗ ಬೇರೆ ಕಡೆ ಹರಡಿದಾಗ, ಅಥವಾ ಆಪರೇಷನ್ ಆಗದ ಸ್ಥಿತಿಯಲ್ಲಿ. ಆಗ ಕೇಳಬೇಕಾದ ಹೆಸರು ಎರಡು, ಎಫ್‌ಜಿಎಫ್‌ಆರ್3 ಮತ್ತು ಹರ್2.

ಎಫ್‌ಜಿಎಫ್‌ಆರ್3 ಜೀನಿನ ಬದಲಾವಣೆ ಮೇಲ್ಪದರದ ಲೋ ಗ್ರೇಡ್ ಗಡ್ಡೆಗಳಲ್ಲಿ ತುಂಬಾ ಸಾಮಾನ್ಯ, ಹತ್ತರಲ್ಲಿ ಆರೇಳಕ್ಕೂ ಹೆಚ್ಚು. ಸ್ನಾಯುವಿಗೆ ನುಗ್ಗಿದವುಗಳಲ್ಲಿ ಶೇಕಡ 15ರಿಂದ 20 ಮಾತ್ರ. ಅದಕ್ಕೆ ಗುರಿಯಿಟ್ಟ ಎರ್ಡಾಫಿಟಿನಿಬ್ ಮಾತ್ರೆಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಟ್ಟಿತು, ಮೂತ್ರಕೋಶದ ಕ್ಯಾನ್ಸರಿಗೆ ಜೀನ್ ನೋಡಿ ಕೊಡುವ ಮೊದಲ ಔಷಧಿ ಅದು. ಮುಂಚೆ ಚಿಕಿತ್ಸೆ ಪಡೆದವರಲ್ಲಿ ಕೀಮೋ ಜೊತೆ ಹೋಲಿಸಿದ ಪ್ರಯೋಗದಲ್ಲಿ ಸರಾಸರಿ ಬದುಕಿದ ಕಾಲ 7.8 ತಿಂಗಳಿಂದ 12.1 ತಿಂಗಳಿಗೆ ಏರಿತು. ಪವಾಡ ಅಲ್ಲ, ಆದರೆ ಕಮ್ಮಿಯೂ ಅಲ್ಲ. ರಕ್ತದಲ್ಲಿ ಫಾಸ್ಫೇಟ್ ಏರುತ್ತದೆ, ಕಣ್ಣಿನ ತೊಂದರೆ ಬರಬಹುದು, ಹಾಗಾಗಿ ಶುರು ಮಾಡುವ ಮುಂಚೆಯೇ ಕಣ್ಣಿನ ಡಾಕ್ಟರಿಗೆ ತೋರಿಸಿ.

ಹರ್2 ಪರೀಕ್ಷೆ ಸುಲಭ, ಸ್ಲೈಡಿಗೆ ಬಣ್ಣ ಹಾಕಿ 0ರಿಂದ 3+ ತನಕ ಅಂಕ ಕೊಡುತ್ತಾರೆ. 3+ ಬಂದು ಬೇರೆ ದಾರಿ ಉಳಿಯದ ಗಟ್ಟಿ ಗಡ್ಡೆಗಳಿಗೆ, ಅದು ಯಾವ ಅಂಗದ್ದೇ ಇರಲಿ, ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಕೊಡಲು 2024ರಲ್ಲಿ ಎಫ್‌ಡಿಎ ಒಪ್ಪಿದೆ. ತೊಡಕು ಏನಂದರೆ ಹರ್2 ಗಡ್ಡೆ ಪೂರ್ತಿ ಒಂದೇ ಸಮ ಇರುವುದಿಲ್ಲ, ಒಂದು ಬ್ಲಾಕಿನಲ್ಲಿ 3+, ಪಕ್ಕದ್ದರಲ್ಲಿ 1+ ಬರಬಹುದು. ಸೊನ್ನೆ ಬಂತು ಅಂತ ಬಿಟ್ಟುಬಿಡುವ ಮುಂಚೆ "ಯಾವ ಬ್ಲಾಕಿನಲ್ಲಿ ನೋಡಿದಿರಿ, ಇನ್ನೊಂದರಲ್ಲಿ ನೋಡಬಹುದಾ" ಅಂತ ಕೇಳುವುದು ನ್ಯಾಯವಾದ ಪ್ರಶ್ನೆ.

ಪಿಡಿ-ಎಲ್1 ಅಂತ ಇನ್ನೊಂದು ಇದೆ, ಇಮ್ಯುನೋಥೆರಪಿಗೆ (ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಚಿಕಿತ್ಸೆಗೆ) ಸಂಬಂಧಪಟ್ಟದ್ದು. ಇದರಲ್ಲಿ ಬೇರೆ ಬೇರೆ ಆಂಟಿಬಾಡಿ, ಬೇರೆ ಬೇರೆ ಎಣಿಕೆ, ಒಂದರ ಅಂಕಿ ಇನ್ನೊಂದಕ್ಕೆ ಹೋಲಿಸಲು ಬರುವುದಿಲ್ಲ, ಗಡ್ಡೆಯ ಜಾಗ ಬದಲಾದರೂ ಅಂಕಿ ಬದಲಾಗುತ್ತದೆ. ಅದು ಕಡಿಮೆ ಬಂತು ಅಂತ ಕಂಗಾಲಾಗಬೇಡಿ. ಈಗ ಹರಡಿದ ರೋಗಕ್ಕೆ ಮೊದಲ ಸಾಲಿನಲ್ಲಿ ದೊಡ್ಡ ಹೆಸರು ಮಾಡಿರುವ ಎನ್‌ಫೋರ್ಟುಮ್ಯಾಬ್ ವೆಡೋಟಿನ್ ಜೊತೆ ಪೆಂಬ್ರೊಲಿಜುಮ್ಯಾಬ್ ಕೊಡುವುದಕ್ಕೆ ಈ ಅಂಕಿ ನೋಡಬೇಕಾಗಿಲ್ಲ. ಆ ಜೋಡಿಯಲ್ಲಿ ಸರಾಸರಿ ಬದುಕಿದ ಕಾಲ 31.5 ತಿಂಗಳು, ಹಳೆಯ ಕೀಮೋದಲ್ಲಿ 16.1. ಬೆಲೆ ಮಾತ್ರ ತಲೆ ತಿರುಗಿಸುವಂಥದ್ದು.

ಮೂತ್ರಕೋಶದ ಸ್ನಾಯುವಿಗೆ ನುಗ್ಗಿದ ಗಡ್ಡೆಗಳನ್ನು ಜೀನ್ ಚಟುವಟಿಕೆ ನೋಡಿ ಆರು ಗುಂಪು ಮಾಡಿ ಒಂದು ಒಪ್ಪಿತ ಪಟ್ಟಿ 2020ರಲ್ಲಿ ಬಂದಿದೆ, ಲ್ಯೂಮಿನಲ್, ಬೇಸಲ್ ಅಂತೆಲ್ಲ ಹೆಸರು. ಸಂಶೋಧನೆಗೆ ಬಹಳ ಒಳ್ಳೆಯದು. ಆದರೆ ಒಂದೇ ಗಡ್ಡೆಯಲ್ಲಿ ಎರಡು ಗುಂಪಿನ ಭಾಗ ಸಿಗುತ್ತದೆ, ದಿನನಿತ್ಯದ ಚಿಕಿತ್ಸೆ ಇನ್ನೂ ಅದರ ಮೇಲೆ ನಿಂತಿಲ್ಲ. ಇದಕ್ಕಾಗಿಯೇ ದುಡ್ಡು ಕೇಳಿದರೆ ಕೊಡಬೇಡಿ.

ಒಂದು ನಿಯಮ ಇಟ್ಟುಕೊಳ್ಳಿ. ಯಾವ ದುಬಾರಿ ಪರೀಕ್ಷೆ ಹೇಳಿದರೂ ಮೊದಲು ಕೇಳಿ: "ಇದು ಪಾಸಿಟಿವ್ ಬಂದರೆ ಯಾವ ಔಷಧಿ ಕೊಡುತ್ತೀರಿ ಮೇಡಂ, ಅದು ಇಲ್ಲಿ ಸಿಗುತ್ತದಾ, ತಿಂಗಳಿಗೆ ಎಷ್ಟಾಗುತ್ತದೆ?" ಉತ್ತರ ಸಿಗದಿದ್ದರೆ ಪರೀಕ್ಷೆ ಕಾಯಬಹುದು.

ಇನ್ನು ಕಿಡ್ನಿ. ಜೀನ್ ಗೀನ್ ಎಲ್ಲ ಮಾತಾಡುವವರು ಇದನ್ನು ಮರೆಯುತ್ತಾರೆ. ಸಿಸ್ಪ್ಲಾಟಿನ್ ಕೊಡಬೇಕಾದರೆ ಕಿಡ್ನಿ ಚೆನ್ನಾಗಿರಬೇಕು, ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂಕಿ) ಸುಮಾರು 60 ಇರಲಿ ಅಂತ ನೋಡುತ್ತಾರೆ. ಗಡ್ಡೆಯೇ ಮೂತ್ರನಾಳ ಅಡ್ಡಗಟ್ಟಿ ಕಿಡ್ನಿ ಊದಿದ್ದರೆ ಸ್ಟೆಂಟೋ, ಬೆನ್ನಿನಿಂದ ಕೊಳವೆಯೋ ಹಾಕಿದ ಮೇಲೆ ಅಂಕಿ ಸುಧಾರಿಸಬಹುದು. ಆದ್ದರಿಂದ "ಇವರಿಗೆ ಸಿಸ್ಪ್ಲಾಟಿನ್ ಆಗಲ್ಲ" ಅಂದಾಗ ಅಡ್ಡಿ ಬಿಡಿಸಿದ ಮೇಲೆ ಇನ್ನೊಮ್ಮೆ ನೋಡಬಹುದಾ ಕೇಳಿ. ಸ್ನಾಯುವಿಗೆ ನುಗ್ಗಿದ ರೋಗದಲ್ಲಿ ಕೋಶ ತೆಗೆಯುವ ಆಪರೇಷನ್ನಿಗೆ ಮುಂಚೆ ಈ ಕೀಮೋ ಕೊಟ್ಟರೆ ಐದು ವರ್ಷ ಬದುಕುವವರು ನೂರಕ್ಕೆ ಐದು ಜನ ಜಾಸ್ತಿಯಾಗುತ್ತಾರೆ. ನೋವು ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ಕೇಳಿ ಕೇಳಿ ನುಂಗುವ ಅಭ್ಯಾಸ ಇದ್ದರೆ, ಕಿಡ್ನಿ ಉಳಿಯಲಿ ಅಂತ, ಅವತ್ತೇ ನಿಲ್ಲಿಸಿ.

ಮತ್ತೆ ಬಂದರೆ, ಹರಡಿದರೆ

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಎರಡು ವರ್ಷದ ಹಿಂದಿನ ಬ್ಲಾಕಿನ ರಿಪೋರ್ಟು ಹಿಡಿದು ಇವತ್ತಿನ ಔಷಧಿ ತೀರ್ಮಾನ ಮಾಡುತ್ತಾರೆ. ಕೀಮೋ ಕೊಟ್ಟಾಗ ಸಾಯುವುದು ಕೀಮೋಗೆ ಸಾಯುವ ಜೀವಕೋಶಗಳು, ಉಳಿದು ಬೆಳೆಯುವುದು ತಡೆದುಕೊಂಡವು. ಅಂದಮೇಲೆ ಈಗ ಲಿವರಿನಲ್ಲೋ ಮೂಳೆಯಲ್ಲೋ ಇರುವುದು ಅವತ್ತಿನ ಗಡ್ಡೆಯ ಅಚ್ಚು ಪ್ರತಿ ಅಲ್ಲ. ನ್ಯೂಯಾರ್ಕಿನ ವೀಲ್ ಕಾರ್ನೆಲ್ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಕೀಮೋಗೆ ಮುಂಚಿನ ಮತ್ತು ನಂತರದ ಗಡ್ಡೆಗಳನ್ನು ಹೋಲಿಸಿದಾಗ ಅವುಗಳ ನಡುವೆ ಬಹಳಷ್ಟು ಬದಲಾವಣೆ ಬೇರೆ ಬೇರೆಯಾಗಿದ್ದವು, ಕವಲೊಡೆಯುವುದೂ ತೀರಾ ಮುಂಚೆಯೇ ಶುರುವಾಗಿತ್ತು.

ಹಾಗಾಗಿ ಹರಡಿದ ಜಾಗದಿಂದ ಸೂಜಿ ಹಾಕಿ ತುಂಡು ತೆಗೆಯಲು ಸಾಧ್ಯವಾ ಅಂತ ಕೇಳಿ. ಎಲ್ಲರಿಗೂ ಆಗುವುದಿಲ್ಲ, ಕೆಲವು ಜಾಗಕ್ಕೆ ಸೂಜಿ ಹಾಕುವುದು ಅಪಾಯ, ವಯಸ್ಸಾದವರು ಸುಸ್ತಾಗಿರುತ್ತಾರೆ. ಆಗದಿದ್ದರೆ ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ನೋಡುವ ಪರೀಕ್ಷೆ ಇದೆ. ಅದರ ಲಾಭ ಏನಂದರೆ ಒಂದೇ ಜಾಗದ್ದಲ್ಲ, ಬೇರೆ ಬೇರೆ ಗಂಟುಗಳಿಂದ ಉದುರಿದ್ದೆಲ್ಲ ರಕ್ತದಲ್ಲಿ ಬೆರೆತಿರುತ್ತದೆ. ನಷ್ಟ ಏನಂದರೆ ಗಡ್ಡೆ ಕಡಿಮೆ ಉದುರಿಸುತ್ತಿದ್ದರೆ ಇದ್ದರೂ ಸಿಗದೆ ಹೋಗಬಹುದು. ನೆಗೆಟಿವ್ ಬಂದರೆ ಇಲ್ಲವೇ ಇಲ್ಲ ಅಂತ ಅಲ್ಲ.

ಮನೆತನದಲ್ಲಿ ದೊಡ್ಡ ಕರುಳು, ಗರ್ಭಕೋಶದ ಕ್ಯಾನ್ಸರ್ ಹಲವರಿಗೆ ಬಂದಿದ್ದರೆ, ಈಗ ಗಡ್ಡೆ ಕಿಡ್ನಿಯ ಕಡೆಯ ಮೂತ್ರನಾಳದಲ್ಲಿ ಇದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಲಿಂಚ್ ಸಿಂಡ್ರೋಮ್ ಅಂತ ವಂಶದಲ್ಲಿ ಬರುವ ಸಮಸ್ಯೆ ಇದೆ, ಅದಿದ್ದರೆ ಚಿಕಿತ್ಸೆ ಬದಲಾಗುತ್ತದೆ, ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. "ಮನೆ ಮರ್ಯಾದೆ" ಅಂತ ಮುಚ್ಚಿಡುವ ವಿಷಯ ಇದಲ್ಲ.

ಕಾರ್ಡು, ದುಡ್ಡು, ಓಡಾಟ

ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ದೊಡ್ಡ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ, ಹಾಸನದವರು ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ, ಚಿಕ್ಕಮಗಳೂರಿನವರು ಜಿಲ್ಲಾಸ್ಪತ್ರೆಯಲ್ಲಿ ಮೊದಲು ತೋರಿಸಿ ಚೀಟಿ ಬರೆಸಿಕೊಳ್ಳಿ. ದುಡ್ಡು ಕಟ್ಟಿ ಆಮೇಲೆ ಕಾರ್ಡು ತೋರಿಸಿದರೆ ವಾಪಸ್ ಬರುತ್ತದೆ ಅಂದುಕೊಳ್ಳಬೇಡಿ, ಅಡ್ಮಿಟ್ ಆಗುವ ಮುಂಚೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು (ಈ ಯೋಜನೆಯ ಸಹಾಯಕರನ್ನು) ಹುಡುಕಿ ಮಾತಾಡಿ. ಆಪರೇಷನ್, ಕೀಮೋ ಪ್ಯಾಕೇಜಿನಲ್ಲಿ ಬರುತ್ತವೆ; ಜೀನ್ ಪರೀಕ್ಷೆ, ಹೊಸ ಔಷಧಿಗಳು ಬರುತ್ತವಾ ಅಂತ ಹೆಸರು ಹೇಳಿ ಕೇಳಿ.

ಫೈಲನ್ನು ತಾರೀಖಿನ ಪ್ರಕಾರ ಜೋಡಿಸಿ, ಮೇಲೆ ಒಂದು ಹಾಳೆಯಲ್ಲಿ ಬರೆದಿಡಿ: ಯಾವತ್ತು ಕೆರೆದರು, ಎಷ್ಟು ಗಡ್ಡೆ, ಎಲ್ಲಿ, ಸ್ನಾಯು ಸಿಕ್ಕಿತಾ, ಯಾವ ರೂಪ ಎಷ್ಟು ಶೇಕಡ, ಬ್ಲಾಕ್ ನಂಬರು, ಬ್ಲಾಕ್ ಈಗ ಎಲ್ಲಿದೆ, ಯಾವ ಬ್ಲಾಕಿನ ಮೇಲೆ ಯಾವ ಪರೀಕ್ಷೆ ಆಯಿತು, ಕೊನೆಯ ಕ್ರಿಯಾಟಿನಿನ್ ಎಷ್ಟು. ಹೊಸ ಡಾಕ್ಟರು ನಿಮಗೆ ಕೊಡುವ ಹತ್ತು ನಿಮಿಷದಲ್ಲಿ ಎಂಟು ನಿಮಿಷ ಹಾಳೆ ತಿರುವುವುದರಲ್ಲೇ ಹೋಗದಿರಲಿ. ಬೆಳಗ್ಗೆ ಓಪಿಡಿಗೆ ಹೋಗುವವರು ಹಿಂದಿನ ರಾತ್ರಿಯೇ ಬ್ಲಾಕಿನ ಡಬ್ಬಿ ಚೀಲಕ್ಕೆ ಹಾಕಿಡಿ, ಬೀಡಿ ಕಟ್ಟು ಮನೆಯಲ್ಲೇ ಬಿಟ್ಟು ಹೋಗಿ.